ರೇಡಿಯೋ ಜಾಹೀರಾತಿಗೆ 18, ಪೇಪರಿಗೆ 5: ಆ 13 ಪರ್ಸೆಂಟ್ ಎಲ್ಲಿ ಹೋಗುತ್ತೆ?

ಪ್ರಶ್ನೆ: ನಮ್ಮದು ದಾವಣಗೆರೆ ಚಾಮರಾಜಪೇಟೆಯಲ್ಲಿ ಸೀರೆ ಅಂಗಡಿ. ದುಗ್ಗಮ್ಮನ ಜಾತ್ರೆಗೆ ಜಾಹೀರಾತು ಕೊಡಬೇಕು ಅಂತಿದ್ದೇವೆ. ಪೇಪರಿಗೆ ಕೊಟ್ಟರೆ ಟ್ಯಾಕ್ಸ್ 5 ಪರ್ಸೆಂಟ್, ರೇಡಿಯೋ ಅಥವಾ ಟಿವಿಗೆ ಕೊಟ್ಟರೆ ಸರ್ವಿಸ್ ಟ್ಯಾಕ್ಸ್ 18 ಪರ್ಸೆಂಟ್ ಅಂತಾರೆ. 13 ಪರ್ಸೆಂಟ್ ಸುಮ್ನೆ ಯಾಕೆ ಕಳ್ಕೋಬೇಕು? ಪೇಪರಿಗೆ ಕೊಡೋದೇ ಲಾಭ ಅಲ್ವಾ?

ಉತ್ತರ: ಅಲ್ಲ. ಜಾತ್ರೆ ಬಂದಾಗ, ದೀಪಾವಳಿ ಬಂದಾಗ, ಮದುವೆ ಸೀಸನ್ ಶುರುವಾದಾಗ ಈ ಪ್ರಶ್ನೆ ತಪ್ಪದೆ ಬರುತ್ತದೆ. ಕೇಳುವ ಅಂಗಡಿ ಬದಲಾಗುತ್ತದೆ, 13 ಪರ್ಸೆಂಟ್ ಮಾತ್ರ ಬದಲಾಗುವುದಿಲ್ಲ. ಹಾಗಾಗಿ ಈ ಸಲ ಲೆಕ್ಕ ಬಿಡಿಸಿಯೇ ತೋರಿಸುತ್ತೇನೆ. ದಯವಿಟ್ಟು ಇದನ್ನು ನಿಮ್ಮ ಪಕ್ಕದ ಅಂಗಡಿಯವರಿಗೂ ಓದಿ ಹೇಳಿ.

ಮೊದಲು ಒಂದು ತಿದ್ದುಪಡಿ. ಸರ್ವಿಸ್ ಟ್ಯಾಕ್ಸ್ ಅನ್ನುವುದು ಈಗ ಇಲ್ಲ. 2017ರ ಜುಲೈ 1ಕ್ಕೆ ಅದು ಜಿಎಸ್‌ಟಿಯೊಳಗೆ ಸೇರಿಹೋಯಿತು. ಇವತ್ತಿನ ಜಾಹೀರಾತಿಗೆ ಯಾರಾದರೂ ಬಿಲ್ಲಿನಲ್ಲಿ 'ಸೇವಾ ತೆರಿಗೆ' ಅಂತ ಸಾಲು ಹಾಕಿ ದುಡ್ಡು ಕೇಳಿದರೆ ಕೊಡಬೇಡಿ. ನೀವು ಹೇಳಿದ ದರಗಳು ಮಾತ್ರ ಸರಿ. ರೇಡಿಯೋ, ಟಿವಿಯಲ್ಲಿ ಜಾಹೀರಾತಿಗೆ ಸಮಯ ಮಾರಿದರೆ 18. ಪೇಪರಿನಲ್ಲಿ ಜಾಗ ಮಾರಿದರೆ 5.

ಈಗ ಆ 13ಕ್ಕೆ ಬರೋಣ. ನೀವು 20,000 ರೂಪಾಯಿ ಜಾಹೀರಾತಿಗೆ ಇಟ್ಟಿದ್ದೀರಿ ಅಂದುಕೊಳ್ಳಿ. ಪೇಪರಿಗೆ ಕೊಟ್ಟರೆ ಅದರ ಮೇಲೆ ಜಿಎಸ್‌ಟಿ 1,000. ರೇಡಿಯೋಗೆ ಕೊಟ್ಟರೆ 3,600. ಎಲ್ಲರೂ ಇಲ್ಲಿಗೇ ನಿಂತುಬಿಡುತ್ತಾರೆ. 'ನೋಡಿ, 2,600 ಜಾಸ್ತಿ' ಅಂತ ಪೆನ್ನು ಕೆಳಗಿಡುತ್ತಾರೆ. ಆದರೆ ಲೆಕ್ಕ ಇನ್ನೂ ಅರ್ಧವೇ ಆಗಿದೆ.

ನೀವು ಸೀರೆ ಮಾರುವಾಗ ಗಿರಾಕಿಯಿಂದ 5 ಪರ್ಸೆಂಟ್ ಜಿಎಸ್‌ಟಿ ತೆಗೆದುಕೊಳ್ಳುತ್ತೀರಿ. ಸೀರೆ ಖರೀದಿಗೆ ಕಟ್ಟಿದ್ದನ್ನು ಅದರಲ್ಲಿ ಕಳೆದ ಮೇಲೆ, ಆ ತಿಂಗಳು ಸರ್ಕಾರಕ್ಕೆ ಕಟ್ಟಬೇಕಾದದ್ದು 9,000 ಉಳಿದಿದೆ ಎನ್ನೋಣ. ಜಾಹೀರಾತು ಪೇಪರಿಗೆ ಕೊಟ್ಟಿದ್ದರೆ ಅದರಲ್ಲಿ 1,000 ಕಳೆದು 8,000 ಕಟ್ಟುತ್ತೀರಿ. ಪೇಪರಿನವರಿಗೆ ಕೊಟ್ಟ 1,000 ಸೇರಿದರೆ 9,000. ರೇಡಿಯೋಗೆ ಕೊಟ್ಟಿದ್ದರೆ 3,600 ಕಳೆದು 5,400 ಕಟ್ಟುತ್ತೀರಿ. ರೇಡಿಯೋದವರಿಗೆ ಕೊಟ್ಟ 3,600 ಸೇರಿದರೆ? ಅದೂ 9,000. ಒಂದು ಪೈಸೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಅದೇ ದುಡ್ಡು ಬೇರೆ ಬಾಗಿಲಿಂದ ಹೋಯಿತು, ಅಷ್ಟೇ.

ಹೀಗೆ ಖರೀದಿಗೆ, ಖರ್ಚಿಗೆ ಕೊಟ್ಟ ಜಿಎಸ್‌ಟಿಯನ್ನು ಸರ್ಕಾರಕ್ಕೆ ಕಟ್ಟಬೇಕಾದದ್ದರಲ್ಲಿ ಕಳೆದುಕೊಳ್ಳುತ್ತೀರಲ್ಲ, ಅದಕ್ಕೇ ವ್ಯಾಪಾರಿಗಳು 'ಇನ್‌ಪುಟ್' ಅನ್ನುವುದು. ಸೀರೆ ಖರೀದಿಯ ಇನ್‌ಪುಟ್ ಒಂದು ರೂಪಾಯಿ ತಪ್ಪಿದರೂ ಆಡಿಟರಿಗೆ ಮೂರು ಸಲ ಫೋನ್ ಮಾಡುವವರು, ಜಾಹೀರಾತಿನ ಬಿಲ್ಲನ್ನು ಗಲ್ಲಾಪೆಟ್ಟಿಗೆಯ ಕೆಳಗೆ ತುರುಕಿ ಮರೆತುಬಿಡುತ್ತಾರೆ. ಆಮೇಲೆ ರೇಡಿಯೋ ದುಬಾರಿ ಅಂತಾರೆ. ಅಲ್ಲ ಸ್ವಾಮಿ, ಬಿಲ್ಲು ಎಲ್ಲಿ?

'ಸೀರೆಗೆ 5, ಜಾಹೀರಾತಿಗೆ 18, ಎರಡೂ ಹೇಗೆ ತಾಳೆಯಾಗುತ್ತೆ?' ಅಂತ ಮುಂದಿನ ಪ್ರಶ್ನೆ ಬರುತ್ತದೆ. ಆಗುತ್ತೆ. ದರ ಒಂದೇ ಇರಬೇಕೆಂದು ಕಾನೂನು ಹೇಳಿಲ್ಲ. ಜಾತ್ರೆ ತಿಂಗಳಲ್ಲಿ ಜಾಹೀರಾತು ಜಾಸ್ತಿಯಾಗಿ ಇನ್‌ಪುಟ್ ಮಿಕ್ಕರೆ ಮುಂದಿನ ತಿಂಗಳಿಗೆ ಹೋಗುತ್ತದೆ. ಒಂದು ಮಾತು ಒಪ್ಪುತ್ತೇನೆ: 2,600 ರೂಪಾಯಿ ಕೈಯಿಂದ ಸ್ವಲ್ಪ ಮುಂಚೆ ಹೋಗುತ್ತದೆ, ರಿಟರ್ನ್ ಹಾಕುವಾಗ ಹೊಂದಿಕೆಯಾಗುತ್ತದೆ. ಕೈಯಲ್ಲಿ ಕಾಸು ಬಿಗಿ ಇರುವ ತಿಂಗಳಲ್ಲಿ ಅದು ನಿಜವಾದ ತೊಂದರೆ. ಆದರೆ ನಷ್ಟ ಅಲ್ಲ.

ಹಾಗಾದರೆ 18 ನಿಜವಾಗಿ ಯಾರಿಗೆ ನೋಯುತ್ತದೆ? ಬೆಣ್ಣೆ ದೋಸೆ ಹೋಟೆಲಿಗೆ. ಮಾಮೂಲಿ ಹೋಟೆಲುಗಳು 2017ರ ನವೆಂಬರ್ 15ರಿಂದ 5 ಪರ್ಸೆಂಟ್ ಜಿಎಸ್‌ಟಿ ಹಾಕುತ್ತವೆ, ಇನ್‌ಪುಟ್ ತೆಗೆದುಕೊಳ್ಳುವಂತಿಲ್ಲ. ಅವರು ರೇಡಿಯೋದಲ್ಲಿ ಜಾಹೀರಾತು ಹಾಕಿದರೆ ಆ 3,600 ಖರ್ಚೇ. ಕಾಂಪೊಸಿಷನ್‌ನಲ್ಲಿರುವ, ಅಂದರೆ ಒಟ್ಟು ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಯೋಜನೆಯಲ್ಲಿರುವ ಕಿರಾಣಿ ಅಂಗಡಿಗೂ ಇದೇ ಗತಿ. ನಮ್ಮೂರಲ್ಲಿ ಜಾಸ್ತಿ ಜಾಹೀರಾತು ಕೊಡುವ ಪಿಯು ಕಾಲೇಜು, ಆಸ್ಪತ್ರೆಗಳಿಗೂ ಹಾಗೆಯೇ. ಪಾಠಕ್ಕೆ, ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ, ಹಾಗಾಗಿ ಇನ್‌ಪುಟ್ಟೂ ಇಲ್ಲ. ಆದರೆ ನೀಟ್ ಕೋಚಿಂಗ್ ಸೆಂಟರ್ ಬೇರೆ ಲೆಕ್ಕ. ಅವರ ಫೀಸಿಗೆ 18 ಇದೆ, ಜಾಹೀರಾತಿನ ಇನ್‌ಪುಟ್ ಸಿಗುತ್ತದೆ. ಅಂದರೆ '13 ಪರ್ಸೆಂಟ್ ನಷ್ಟ' ಅನ್ನುವ ಮಾತು ಹೋಟೆಲಿನವರ ಬಾಯಲ್ಲಿ ಸರಿ. ಅವರ ಹತ್ತಿರ ಕೇಳಿಸಿಕೊಂಡು ಬಂದು ನೀವು ಹೇಳಿದರೆ ತಪ್ಪು.

ಇನ್‌ಪುಟ್ ಬೇಕಾದರೆ ಬಿಲ್ಲಿನ ಮೇಲೆ ನಿಮ್ಮ ಜಿಎಸ್‌ಟಿ ನಂಬರ್ ಇರಬೇಕು, ಅಂಗಡಿ ಹೆಸರು ಮಾತ್ರ ಸಾಲದು. ಚಾನೆಲಿನವರು ತಮ್ಮ ರಿಟರ್ನ್ ಹಾಕಿ, ಆ ಬಿಲ್ಲು ಜಿಎಸ್‌ಟಿ ಪೋರ್ಟಲ್‌ನಲ್ಲಿ ನಿಮ್ಮ ಇನ್‌ಪುಟ್ ತೋರಿಸುವ 2ಬಿ ಪಟ್ಟಿಯಲ್ಲಿ ಕಾಣಿಸಬೇಕು. 180 ದಿನದೊಳಗೆ ಅವರಿಗೆ ದುಡ್ಡು ಕೊಟ್ಟಿರಬೇಕು. ಲೋಕಲ್ ಕೇಬಲ್ ಚಾನೆಲ್‌ಗೆ ಕೊಡುವುದಾದರೆ ಮೊದಲು ರಿಜಿಸ್ಟ್ರೇಷನ್ ಇದೆಯಾ ಕೇಳಿ. ವರ್ಷದ ವಹಿವಾಟು 20 ಲಕ್ಷ ದಾಟದವರು ರಿಜಿಸ್ಟರ್ ಆಗಿರಲೇಬೇಕೆಂದಿಲ್ಲ. ಆಗಿರದಿದ್ದರೆ ಅವರು ಜಿಎಸ್‌ಟಿ ಕೇಳುವಂತೆಯೂ ಇಲ್ಲ.

ಪೇಪರಿಗೆ ಮಾತ್ರ ಯಾಕೆ 5 ಅನ್ನುವುದಕ್ಕೆ ಹಳೆಯ ಕತೆ ಇದೆ. ಸರ್ವಿಸ್ ಟ್ಯಾಕ್ಸ್ ಬಂದಿದ್ದು 1994ರ ಜುಲೈ 1ರಂದು. ಆಗ ಇದ್ದದ್ದು ಮೂರೇ ಸೇವೆ: ಟೆಲಿಫೋನ್, ಷೇರು ದಲ್ಲಾಳಿ, ಸಾಮಾನ್ಯ ವಿಮೆ. ದರ 5. ರೇಡಿಯೋ, ಟಿವಿ ಪ್ರಸಾರ ಅದರೊಳಗೆ ಬಂದಿದ್ದು 2001ರ ಜುಲೈ 16ಕ್ಕೆ, ಕೇಬಲ್ ಆಪರೇಟರುಗಳು ಮುಂದಿನ ವರ್ಷ ಆಗಸ್ಟ್‌ನಲ್ಲಿ. 2006ರ ಮೇ 1ರಿಂದ ಜಾಹೀರಾತಿಗೆ ಜಾಗ, ಸಮಯ ಮಾರುವುದಕ್ಕೂ ತೆರಿಗೆ ಬಂತು, ಆದರೆ ಪತ್ರಿಕೆಗಳನ್ನು ಹೊರಗಿಟ್ಟರು. 2012ರಲ್ಲಿ ಪಟ್ಟಿ ತಿರುವುಮುರುವಾಯಿತು. ಯಾವುದಕ್ಕೆ ತೆರಿಗೆ ಇಲ್ಲವೋ ಅದನ್ನಷ್ಟೇ ಬರೆದಿಟ್ಟರು. ಹೋರ್ಡಿಂಗೂ ಅದರಲ್ಲಿತ್ತು, ರೇಡಿಯೋ ಟಿವಿ ಇರಲಿಲ್ಲ. 2014ರ ಅಕ್ಟೋಬರ್ 1ರ ನಂತರ ಆ ಸಾಲಿನಲ್ಲಿ ಉಳಿದದ್ದು ಪತ್ರಿಕೆ ಒಂದೇ. ಸರ್ವಿಸ್ ಟ್ಯಾಕ್ಸ್ ಹೋಗುವ ಹೊತ್ತಿಗೆ ಟಿವಿಯವರು ಸೆಸ್ ಎಲ್ಲ ಸೇರಿ 15 ಕಟ್ಟುತ್ತಿದ್ದರು, ಪೇಪರಿನವರು ಸೊನ್ನೆ. ಹಾಗಾಗಿ ಈಗಿನ 5 ಪೇಪರಿಗೆ ಸಿಕ್ಕ ರಿಯಾಯಿತಿ ಅಂತ ನಾವು ಅಂದುಕೊಂಡರೂ, ಪೇಪರಿನವರ ಲೆಕ್ಕದಲ್ಲಿ ಅದು ಹೊಸದಾಗಿ ಬಿದ್ದ ತೆರಿಗೆ.

'ಚಿತ್ರದುರ್ಗ ಆಕಾಶವಾಣಿ ಸರ್ಕಾರದ್ದೇ ತಾನೇ, ಅಲ್ಲಿ ಕೊಟ್ಟರೆ ಟ್ಯಾಕ್ಸ್ ಇರಲ್ವಾ?' ಅಂತಲೂ ಕೇಳುತ್ತಾರೆ. ಇರುತ್ತೆ. ಆಕಾಶವಾಣಿ, ದೂರದರ್ಶನ ಎರಡೂ ಪ್ರಸಾರ ಭಾರತಿ ಎಂಬ ನಿಗಮದ ಕೆಳಗಿವೆ. ಅದಕ್ಕೆ 1990ರ ಪ್ರತ್ಯೇಕ ಕಾಯ್ದೆಯೇ ಇದೆ. 2001ರಲ್ಲಿ 'ಪ್ರಸಾರ' ಅಂದರೆ ಏನು ಅಂತ ಬರೆಯುವಾಗ ಸರ್ವಿಸ್ ಟ್ಯಾಕ್ಸ್ ಕಾನೂನು ಸಾಲ ತಂದದ್ದೂ ಅದೇ ಕಾಯ್ದೆಯಿಂದ.

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಇನ್ನೊಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಜಾಹೀರಾತು ಕೊಡುವವರ ಕತೆ ಆಯಿತು, ನೋಡುವವರದು? ಹಿಂದೆ ರೇಡಿಯೋ ಕೇಳಲು ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು. ಮನೆಯ ಹಿರಿಯರನ್ನು ಕೇಳಿ, ಆ ಪುಸ್ತಕ ಇನ್ನೂ ಟ್ರಂಕಿನಲ್ಲಿ ಇದ್ದರೂ ಇರಬಹುದು. 1980ರ ದಶಕದಲ್ಲಿ ಆ ಫೀಸು ಹೋಯಿತು. ಈಗ ಕೇಳುವವರು ಏನೂ ಕಟ್ಟಬೇಕಿಲ್ಲ. ಆದರೆ ಕೇಬಲ್, ಡಿಶ್ ಇದ್ದರೆ ತಿಂಗಳ ಬಿಲ್ಲಿನಲ್ಲಿ 18 ಪರ್ಸೆಂಟ್ ಕೂತಿರುತ್ತದೆ. 2019ರಲ್ಲಿ ಹೊಸ ದರ ಬಂದಾಗ ಎಲ್ಲರ ಬಾಯಲ್ಲೂ ಇದ್ದ 153 ರೂಪಾಯಿ 40 ಪೈಸೆ ನೆನಪಿದೆಯಾ? ಅದು 130 ರೂಪಾಯಿಯ ನೆಟ್‌ವರ್ಕ್ ಶುಲ್ಕ, ಅದರ ಮೇಲೆ 23 ರೂಪಾಯಿ 40 ಪೈಸೆ ಜಿಎಸ್‌ಟಿ. ಪೇ ಚಾನೆಲ್‌ಗಳ ದುಡ್ಡು, ಅದರ ಜಿಎಸ್‌ಟಿ ಬೇರೆ.

ಮನೆಯ ಬಿಲ್ಲಿಗೆ ಇನ್‌ಪುಟ್ ಇಲ್ಲ. ಅಂಗಡಿಯಲ್ಲಿ ಗಿರಾಕಿಗಳಿಗೆ ಅಂತ ಹಾಕಿರುವ ಟಿವಿಗೆ, ಅಂಗಡಿ ಹೆಸರಿನಲ್ಲಿ, ನಂಬರ್ ಸಮೇತ ಬಿಲ್ಲು ಮಾಡಿಸಿದರೆ ಅದನ್ನೂ ತೆಗೆದುಕೊಳ್ಳಬಹುದು. ಸಣ್ಣ ಮೊತ್ತ, ನಿಜ. ಹೇಗೂ ಜಾಹೀರಾತಿನ ಬಿಲ್ಲು ಹುಡುಕುತ್ತೀರಲ್ಲ, ಇದನ್ನೂ ಅದರ ಜೊತೆಗೇ ಆಡಿಟರ್ ಕೈಗೆ ಕೊಡಿ.