ಮೋಡ ಕವಿದರೂ ಸೂರ್ಯ ಕಾಣುವ ಬಯಲು

ಜೂನ್ ಎರಡನೇ ವಾರ ಬಂತೆಂದರೆ ಗೌರಿಬಿದನೂರು ಕಡೆಯ ರೈತರ ಲೆಕ್ಕವೆಲ್ಲ ಮೃಗಶಿರ ಮಳೆಯದು. ಅದೇ ಸೀಮೆಯಲ್ಲಿ, ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 100 ಕಿ.ಮೀ. ದೂರದ ಒಂದು ಬಯಲಿನಲ್ಲಿ, ಆಕಾಶದ ರೇಡಿಯೋ ಅಲೆಗಳಿಗೆ ಕಿವಿಗೊಟ್ಟು ಕೂತಿರುವ ವಿಜ್ಞಾನಿಗಳಿಗೂ ಈ ಮೃಗಶಿರ ಬೇಕಾದದ್ದೇ. ಕಾರಣ ಮಾತ್ರ ಬೇರೆ.

ಮಳೆಗೆ ನಾವು ಇಡುವ ನಕ್ಷತ್ರದ ಹೆಸರು ಆ ದಿನಗಳಲ್ಲಿ ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂಬುದನ್ನು ಹೇಳುತ್ತದೆ. ಮೃಗಶಿರದ ಸೂರ್ಯ ಜೂನ್ 15ರ ಆಸುಪಾಸಿನಲ್ಲಿ ಏಡಿ ನೀಹಾರಿಕೆಯ ಪಕ್ಕದಲ್ಲೇ ಹಾದುಹೋಗುತ್ತಾನೆ. 1054ರಲ್ಲಿ ಚೀನಾದವರು ಹಗಲಿನಲ್ಲೂ ಕಂಡು ಬರೆದಿಟ್ಟ ಸೂಪರ್‌ನೋವಾದ, ಅಂದರೆ ಸಿಡಿದ ನಕ್ಷತ್ರದ, ಅವಶೇಷ ಅದು. ನಮ್ಮಿಂದ ಸುಮಾರು 6,500 ಜ್ಯೋತಿರ್ವರ್ಷ ದೂರದಲ್ಲಿದ್ದರೂ ಆಕಾಶದ ಅತಿ ಪ್ರಬಲ ರೇಡಿಯೋ ಮೂಲಗಳಲ್ಲಿ ಒಂದು. ಸೂರ್ಯನ ಹತ್ತಿರ ಬಂದಾಗ ಅದು ಕಣ್ಣಿನ ದೂರದರ್ಶಕಕ್ಕೆ ಸಿಗುವುದಿಲ್ಲ. ರೇಡಿಯೋ ದೂರದರ್ಶಕಕ್ಕೆ ಸಿಗುತ್ತದೆ.

ಗೌರಿಬಿದನೂರಿನ ದೂರದರ್ಶಕ ನೋಡಲು ಹೋದವರಿಗೆ ದೊಡ್ಡ ಬಟ್ಟಲಿನಂಥ ಡಿಶ್ ಕಾಣಿಸುವುದಿಲ್ಲ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಮತ್ತು ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಸೇರಿ 1976ರಲ್ಲಿ ಇಲ್ಲಿ ಶುರುಮಾಡಿದ್ದು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ನೆಟ್ಟ 1,000 ಡೈಪೋಲ್ ಆಂಟೆನಾಗಳ ಸಾಲು. ಪೂರ್ವ-ಪಶ್ಚಿಮದ ತೋಳು 1.4 ಕಿ.ಮೀ., ದಕ್ಷಿಣದ ತೋಳು 0.45 ಕಿ.ಮೀ. ಕೇಳುವುದು 34.5 ಮೆಗಾಹರ್ಟ್ಸ್ ಕಂಪನಾಂಕದ ಅಲೆಗಳನ್ನು. ಅಂದರೆ ಒಂದೊಂದು ಅಲೆಯೂ ಸುಮಾರು ಎಂಟೂಮುಕ್ಕಾಲು ಮೀಟರ್ ಉದ್ದ. ಅಲೆ ಇಷ್ಟು ಉದ್ದವಿರುವುದರಿಂದಲೇ, ಒಂದೂವರೆ ಕಿಲೋಮೀಟರಿಗೆ ಹತ್ತಿರದ ಈ ಸಾಲಿಗೂ ಹೆಚ್ಚುಕಡಿಮೆ ಚಂದ್ರಬಿಂಬದಷ್ಟು ಅಗಲಕ್ಕಿಂತ ಸಣ್ಣ ವಿವರ ಬಿಡಿಸಿ ಕಾಣುವುದಿಲ್ಲ. ಆ ಮಿತಿಯೊಳಗೇ ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಆಕಾಶದ ಬಹುಪಾಲನ್ನು ಅಳೆದು, 1990ರಲ್ಲಿ ಅದರ ನಕ್ಷೆ ಪ್ರಕಟಿಸಿದರು.

ಈ ಆಂಟೆನಾಗಳ ಕಂಬಗಳು ನೆಲ ಬಿಟ್ಟು ಕದಲುವುದಿಲ್ಲ. ಹಾಗಾದರೆ ದೂರದರ್ಶಕವನ್ನು ಆಕಾಶದ ಬೇಕಾದ ಕಡೆಗೆ ತಿರುಗಿಸುವುದು ಹೇಗೆ? ನನ್ನನ್ನು ಬಹಳ ಕಾಲ ಹಿಡಿದಿಟ್ಟ ಪ್ರಶ್ನೆ ಇದು. ಕೆರೆ ಏರಿಯ ಉದ್ದಕ್ಕೂ ನೂರು ಜನ ಸಾಲಾಗಿ ನಿಂತಿದ್ದಾರೆ ಅಂದುಕೊಳ್ಳಿ. ಏರಿಯ ಒಂದು ತುದಿಯ ಆಚೆ ದೂರದಲ್ಲಿ ತಮಟೆ ಬಾರಿಸಿದರೆ ಹತ್ತಿರದವನಿಗೆ ಮೊದಲು ಕೇಳುತ್ತದೆ, ಕೊನೆಯವನಿಗೆ ಕೊನೆಗೆ. ಕೇಳಿದ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಿದರೆ ಅದು ಚದುರಿದ ಸದ್ದು. ಆದರೆ ಮೊದಲು ಕೇಳಿದವನು ಹೆಚ್ಚು ತಡೆದು, ಎರಡನೆಯವನು ಅದಕ್ಕಿಂತ ತುಸು ಕಡಿಮೆ ತಡೆದು, ಹೀಗೆ ಲೆಕ್ಕಹಾಕಿ ತಟ್ಟಿದರೆ ನೂರು ಚಪ್ಪಾಳೆ ಒಂದೇ ಸಲ ಬೀಳುತ್ತದೆ. ಈಗ ಬೇರೆ ದಿಕ್ಕಿನಿಂದ ತಮಟೆ ಬಂದರೆ ಆ ಲೆಕ್ಕ ಹೊಂದುವುದಿಲ್ಲ, ಸದ್ದು ಮತ್ತೆ ಚದುರುತ್ತದೆ. ಆಂಟೆನಾಗಳ ಸಂಕೇತವನ್ನು ಹೀಗೆ ಒಂದಿಷ್ಟು ತಡೆದು ಕೂಡಿಸುವ ಕೆಲಸವನ್ನು ಕೇಬಲ್‌ಗಳೂ ವಿದ್ಯುನ್ಮಂಡಲಗಳೂ ಮಾಡುತ್ತವೆ. ತಡೆಯ ಲೆಕ್ಕ ಬದಲಿಸಿದರೆ ದೂರದರ್ಶಕ ತಿರುಗಿದಂತೆಯೇ.

ಇಲ್ಲಿಯ ದಿನಚರಿಯಲ್ಲಿ ತಂತಿಯ ಪಾಲು ದೊಡ್ಡದಾಗಿರುವುದು ಇದರಿಂದಲೇ. ಬಿಸಿಲಿಗೆ ಕೇಬಲ್ ಹಿಗ್ಗಿದರೆ, ಬೆಸುಗೆಯೊಳಗೆ ನೀರಿಳಿದರೆ ಚಪ್ಪಾಳೆಯ ತಾಳ ತಪ್ಪುತ್ತದೆ. ತಪ್ಪಿದೆಯೇ ಎಂದು ತಿಳಿಯಲು ಆಕಾಶವೇ ಒರೆಗಲ್ಲು: ಇರುವ ಜಾಗವೂ ಪ್ರಬಲತೆಯೂ ಮೊದಲೇ ಗೊತ್ತಿರುವ ಸಿಗ್ನಸ್ ಎ, ವರ್ಗೋ ಎ ಮುಂತಾದ ರೇಡಿಯೋ ಮೂಲಗಳನ್ನು ಕೇಳಿ ಸಾಲನ್ನು ಸರಿಮಾಡಿಕೊಳ್ಳುತ್ತಾರೆ. ಅವುಗಳಿಗೂ ತಮ್ಮದೇ ಗಡಿಯಾರ. ಪ್ರತಿ ನಕ್ಷತ್ರವೂ ನಿನ್ನೆಗಿಂತ ಸುಮಾರು ನಾಲ್ಕು ನಿಮಿಷ ಮೊದಲೇ ನೆತ್ತಿಗೆ ಬರುತ್ತದೆ. ಜೂನ್‌ನಲ್ಲಿ ಸೂರ್ಯನ ಜೊತೆ ನಡುಹಗಲಿಗೆ ಬರುವ ಏಡಿ, ಮಾರ್ಗಶಿರ ಮಾಸದ ಹೊತ್ತಿಗೆ ನಡುರಾತ್ರಿಯ ಅತಿಥಿ.

ಸೂರ್ಯನಿಗಾಗಿಯೇ ಇನ್ನೊಂದು ಸಾಲು 1997ರಿಂದ ಇಲ್ಲಿದೆ, ಹೆಸರು ರೇಡಿಯೋಹೀಲಿಯೋಗ್ರಾಫ್. ಅದರ ಆಂಟೆನಾಗಳು ಮನೆಯ ಮಾಳಿಗೆ ಮೇಲಿರುತ್ತಿದ್ದ ಹಳೆಯ ಟಿವಿ ಆಂಟೆನಾದ ಬಳಗದವು, ಮೀನಿನ ಮುಳ್ಳಿನಂತೆ ಗಿಡ್ಡ-ಉದ್ದ ಕಡ್ಡಿಗಳು. ಅದು ತೆಗೆದ ಸೂರ್ಯನ ಚಿತ್ರಗಳಲ್ಲಿ 80 ಮತ್ತು 109 ಮೆಗಾಹರ್ಟ್ಸ್‌ನವು ಸೇರಿವೆ. ನಮ್ಮ ಎಫ್‌.ಎಂ. ಕೇಂದ್ರಗಳ ಪಟ್ಟಿ 88ರಿಂದ 108 ಎಂಬುದನ್ನು ಇಲ್ಲಿ ನೆನೆಯಬೇಕು. ಒಂದು ಅದರ ಕೆಳಗೆ, ಇನ್ನೊಂದು ಅದರ ಮೇಲೆ ಸರಿದು ನಿಂತಿದೆ. ನಗರ ಬೆಳೆದಷ್ಟೂ ಆಕಾಶ ಕೇಳುವ ಸಂದು ಕಿರಿದಾಗುತ್ತದೆ, ಇದು ನನಗೆ ನಿಜವಾಗಿ ಸಂಕಟದ ವಿಷಯ.

80 ಮೆಗಾಹರ್ಟ್ಸ್‌ನಲ್ಲಿ ಸೂರ್ಯ ನಮ್ಮ ಕಣ್ಣಿನ ಸೂರ್ಯನಿಗಿಂತ ದೊಡ್ಡವನು. ಏಕೆಂದರೆ ಈ ಅಲೆಗಳು ಹೊರಡುವುದು ಮೇಲ್ಮೈಯಿಂದಲ್ಲ, ಅದರ ಸುತ್ತಲಿನ ಕರೋನಾ ಎಂಬ ಪ್ರಭಾವಲಯದಿಂದ. ಅಲ್ಲಿಯ ಉಷ್ಣತೆ ಹತ್ತು ಲಕ್ಷ ಡಿಗ್ರಿಯ ಮಟ್ಟದ್ದು. ಒಂದು ಘನ ಸೆಂಟಿಮೀಟರಿನಲ್ಲಿ ಸುಮಾರು 8 ಕೋಟಿ ಎಲೆಕ್ಟ್ರಾನುಗಳಿರುವ ಪದರದ ಒಳಗಿನಿಂದ 80 ಮೆಗಾಹರ್ಟ್ಸ್ ಹೊರಬರಲಾರದು. 40 ಮೆಗಾಹರ್ಟ್ಸ್‌ಗೆ ಆ ಗಡಿ 2 ಕೋಟಿ, ಅಂದರೆ ಇನ್ನೂ ಮೇಲಿನ, ಇನ್ನೂ ತೆಳುವಾದ ಪದರ. ಕಂಪನಾಂಕ ಇಳಿಸಿದಂತೆಲ್ಲ ನಾವು ಪ್ರಭಾವಲಯದಲ್ಲಿ ಮೇಲೇರುತ್ತೇವೆ. ಮುಂಗಾರು ಮೋಡ ಈ ಅಲೆಗಳನ್ನು ತಡೆಯುವುದಿಲ್ಲ. ಊರಿಗೆಲ್ಲ ಮೋಡ ಕವಿದಿದ್ದರೂ ಈ ಬಯಲಿನಲ್ಲಿ ಸೂರ್ಯನ ಚಿತ್ರ ಮೂಡುತ್ತದೆ. ಸಿಡಿಲು ಮಾತ್ರ ಕಾಟ ಕೊಡುತ್ತದೆ, ಅದೂ ರೇಡಿಯೋ ಅಲೆಗಳನ್ನೇ ಚೆಲ್ಲುತ್ತದಲ್ಲ.

ಆದರೆ ಇನ್ನೂ ಮೇಲೆ ಹೋದರೆ ಪ್ರಭಾವಲಯ ಎಷ್ಟು ತೆಳುವೆಂದರೆ, ಅದರ ಸ್ವಂತ ಸದ್ದು ಅಡಗಿಹೋಗುತ್ತದೆ. ಇದೇ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಕಟ್ಟಿದ, 2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ನೌಕೆ ಹೊತ್ತೊಯ್ದ ವಿಇಎಲ್‌ಸಿ ಎಂಬ, ಪ್ರಭಾವಲಯ ನೋಡುವ ಉಪಕರಣವನ್ನು ಸೂರ್ಯನ ಕೇಂದ್ರದಿಂದ 3 ಸೌರತ್ರಿಜ್ಯದವರೆಗೆ (ಒಂದು ಸೌರತ್ರಿಜ್ಯವೆಂದರೆ ಸೂರ್ಯಬಿಂಬದ ಅರ್ಧ ಅಗಲ) ನೋಡಲೆಂದು ರೂಪಿಸಲಾಗಿದೆ. ಏಡಿ ನೀಹಾರಿಕೆ ಸೂರ್ಯನಿಗೆ ಅತಿ ಹತ್ತಿರ ಬಂದಾಗಲೂ ಸುಮಾರು 5 ಸೌರತ್ರಿಜ್ಯದ ಆಚೆಗಿರುತ್ತದೆ, ಅಂದರೆ ಆ ಉಪಕರಣದ ನೋಟಕ್ಕೂ ಆಚೆಯ ಪ್ರಭಾವಲಯದ ಹಿಂದೆ. ಹೊಗೆ ತುಂಬಿದ ಅಡುಗೆಮನೆಯ ಆಚೆ ಬದಿಯಲ್ಲಿ ದೀಪ ಇಟ್ಟರೆ, ದೀಪ ಎಷ್ಟು ಮಸುಕಾಯಿತು ಎಂಬುದರಿಂದ ಹೊಗೆಯ ದಟ್ಟಣೆ ತಿಳಿಯುವುದಿಲ್ಲವೇ? ಏಡಿಯೇ ಆ ದೀಪ. ಪ್ರಭಾವಲಯದ ಒರಟು ಎಲೆಕ್ಟ್ರಾನ್ ಮೋಡಗಳು ಅದರ ಅಲೆಗಳನ್ನು ಚದುರಿಸಿ ಬಿಂಬವನ್ನು ಅಗಲವಾಗಿಸುತ್ತವೆ. ಸೋವಿಯತ್ ಒಕ್ಕೂಟದ ವಿಟ್ಕೆವಿಚ್, ಇಂಗ್ಲೆಂಡಿನ ಆಂಟನಿ ಹ್ಯೂವಿಷ್ ಇದನ್ನು 1950ರ ದಶಕದ ಮೊದಲಲ್ಲೇ ಕಂಡಿದ್ದರು. ಗೌರಿಬಿದನೂರಿನಲ್ಲಿ ಆರ್. ರಮೇಶ್, ಸಿ. ಕತಿರವನ್, ಸಿಎಚ್.ವಿ. ಶಾಸ್ತ್ರಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಸೂರ್ಯ ಹೊರಗೆ ಎಸೆದ ಪ್ಲಾಸ್ಮಾದ (ವಿದ್ಯುತ್ ಕಣಗಳ ಬಿಸಿ ಅನಿಲದ) ರಾಶಿಯೊಂದು ನಡುವೆ ಬಂದು ಏಡಿಯ ಬಿಂಬವನ್ನು ಹಿಗ್ಗಿಸಿದ್ದನ್ನು ಹಿಡಿದು, 2001ರಲ್ಲಿ ಪ್ರಕಟಿಸಿದರು. ಇಂಥ ರಾಶಿಗಳೇ ಭೂಮಿಗೆ ಬಡಿದಾಗ ಉಪಗ್ರಹಗಳಿಗೂ ವಿದ್ಯುತ್ ಜಾಲಕ್ಕೂ ಅಪಾಯ.

ಆ ದಿನಗಳ ನಡುಹಗಲಲ್ಲಿ ಸೂರ್ಯ ಇಲ್ಲಿಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಮೋಡ ಸರಿದರೆ ಕಂಬಗಳ ಗಿಡ್ಡ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಸೂರ್ಯ ದಿನಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿ ಪೂರ್ವಕ್ಕೆ ಸರಿಯುತ್ತ ಏಡಿಯನ್ನು ಹಿಂದೆ ಬಿಡುತ್ತಾನೆ. ಆರಿದ್ರೆ ಮಳೆ ಹುಟ್ಟುವ ಹೊತ್ತಿಗೆ ಇಬ್ಬರ ನಡುವೆ ಏಳು ಡಿಗ್ರಿಯಷ್ಟು ಅಂತರ ಬಿದ್ದಿರುತ್ತದೆ, ಹಿಗ್ಗಿದ್ದ ಬಿಂಬ ತನ್ನ ಮೊದಲಿನ ಅಳತೆಗೆ ಮರಳುತ್ತಿರುತ್ತದೆ.