ಎರಡೇ ಎರಡು ಚಿತ್ರ ಇಲ್ಲ, ಅಷ್ಟಕ್ಕೇ ಬೆಲೆ ಬೀಳುತ್ತಾ?

ಓದುಗರ ಪ್ರಶ್ನೆ: ಹದಿನೆಂಟನೇ ಶತಮಾನದ ನಿಸರ್ಗ ತಜ್ಞರೊಬ್ಬರ ಸಚಿತ್ರ ಪ್ರವಾಸ ಕಥನ ಮಾರಾಟಕ್ಕಿದೆ. ಬರಹದ ಪುಟಗಳೆಲ್ಲ ಇವೆ. ಎರಡು ಚಿತ್ರ ಮಾತ್ರ ಇಲ್ಲವಂತೆ. ಬೆಲೆ ತುಂಬಾ ಕಡಿಮೆ ಹೇಳುತ್ತಿದ್ದಾರೆ. ಕೊಳ್ಳಬಹುದಾ?

ಇಂಥ ಪುಸ್ತಕ ಕೈಗೆ ಬಂದರೆ ಸಂಗ್ರಾಹಕರು ಮೊದಲು ಚಿತ್ರ ಎಣಿಸುತ್ತಾರೆ. ಓದೋದೆಲ್ಲ ಆಮೇಲೆ.

ಫ್ರಾನ್ಸಿನ ನಿಸರ್ಗ ತಜ್ಞ ಪಿಯೆರ್ ಸೊನೆರಾ ಬರೆದ ನ್ಯೂಗಿನಿ (ಆಸ್ಟ್ರೇಲಿಯಾದ ಉತ್ತರಕ್ಕಿರುವ ದ್ವೀಪ) ಪ್ರವಾಸದ ಪುಸ್ತಕವನ್ನೇ ನೋಡಿ. 1776ರಲ್ಲಿ ಪ್ಯಾರಿಸ್‌ನಲ್ಲಿ ಅಚ್ಚಾಗಿದ್ದು. ಒಳಗೆ 120 ಚಿತ್ರಗಳಿವೆ ಎಂದು ಹೆಸರಿನ ಪುಟದಲ್ಲೇ ಹಾಕಿದ್ದಾರೆ. ಹಾಗಾಗಿ ಎಣಿಸುವುದು ಸುಲಭ. ಎಲ್ಲ ಪುಸ್ತಕಗಳೂ ಇಷ್ಟು ಉಪಕಾರ ಮಾಡುವುದಿಲ್ಲ. ಆಗ ದೊಡ್ಡ ಗ್ರಂಥಾಲಯದ ಪ್ರತಿಯೊಂದಿಗೆ ತಾಳೆ ನೋಡಬೇಕು.

ಸೊನೆರಾ ಅಂದರೆ ಯಾರು ಅಂತೀರಾ? ನಮ್ಮ ಬೂದು ಕಾಡುಕೋಳಿಯ ವೈಜ್ಞಾನಿಕ ಹೆಸರಿನಲ್ಲಿರುವುದು ಇವನೇ. ತಮಾಷೆ ಏನೆಂದರೆ, ಅವನು ನ್ಯೂಗಿನಿಗೆ ಕಾಲೇ ಇಟ್ಟಿರಲಿಲ್ಲ. ಲವಂಗ, ಜಾಯಿಕಾಯಿ ಸಸಿ ತರಲು ಹೊರಟ ಹಡಗಿನಲ್ಲಿ ಈಗಿನ ಇಂಡೊನೇಷ್ಯಾದ ಮೊಲುಕ್ಕಾ ದ್ವೀಪಗಳ ತನಕ ಹೋಗಿದ್ದ, ಅಷ್ಟೇ. ಆದರೂ ಪೆಂಗ್ವಿನ್‌ಗಳ ಚಿತ್ರ ಹಾಕಿ ಅವು ನ್ಯೂಗಿನಿಯವು ಎಂದು ಬರೆದ. ಆ ಸೆಕೆನಾಡಿನಲ್ಲಿ ಪೆಂಗ್ವಿನ್! ಆಸ್ಟ್ರೇಲಿಯಾದ ಕೂಕಬರಾ ಹಕ್ಕಿಯನ್ನೂ ಅಲ್ಲಿಗೇ ಸೇರಿಸಿದ. ಬೇರೆ ವಿಜ್ಞಾನಿಗಳು ಅವನನ್ನು ನಂಬಿ ಹೆಸರಿಟ್ಟರು. ಅದಕ್ಕೇ ಜೆಂಟೂ ಪೆಂಗ್ವಿನ್‌ನ ವೈಜ್ಞಾನಿಕ ಹೆಸರಿನಲ್ಲಿ ‘ಪಾಪುವಾ’ (ನ್ಯೂಗಿನಿಯ ಇನ್ನೊಂದು ಹೆಸರು), ಕೂಕಬರಾ ಹೆಸರಿನಲ್ಲಿ ನ್ಯೂಗಿನಿ ಇವತ್ತಿಗೂ ಉಳಿದಿವೆ. ಈಗ ಆ ಪೆಂಗ್ವಿನ್ ಹಾಳೆಯೇ ಇಲ್ಲದ ಪ್ರತಿ ಸಿಕ್ಕಿತು ಅಂದುಕೊಳ್ಳಿ. ಇಡೀ ಕಥೆಗೆ ಸಾಕ್ಷಿಯೇ ಹೋದಂತಾಯಿತು, ಅಲ್ವಾ?

ಚಿತ್ರಗಳು ಕಾಣೆಯಾಗುವುದಕ್ಕೆ ಅಚ್ಚಿನ ಕ್ರಮವೂ ಒಂದು ಕಾರಣ. ಅಕ್ಷರ ಒತ್ತುವ ಯಂತ್ರ ಬೇರೆ, ತಾಮ್ರದ ತಗಡಿನಿಂದ ಚಿತ್ರ ಒತ್ತುವ ಯಂತ್ರ ಬೇರೆ. ಚಿತ್ರಗಳು ಬಿಡಿ ಹಾಳೆಗಳಾಗಿ ಬರುತ್ತಿದ್ದವು. ಬೈಂಡ್ ಮಾಡುವವನು ಅವನ್ನು ನಡುನಡುವೆ ಸೇರಿಸುತ್ತಿದ್ದ. ಸೇರಿಸಿದ್ದನ್ನು ಕೀಳುವುದೂ ಸುಲಭ. ಚೌಕಟ್ಟು ಹಾಕಿ ಒಂದೊಂದಾಗಿ ಮಾರಿದರೆ ಜಾಸ್ತಿ ದುಡ್ಡು ಎಂದು ಇಡೀ ಪುಸ್ತಕವನ್ನೇ ಬಿಚ್ಚುವವರಿದ್ದಾರೆ. ನನಗೆ ಅವರ ಮೇಲೆ ಒಳ್ಳೆಯ ಅಭಿಪ್ರಾಯವಿಲ್ಲ.

ಕಿತ್ತ ಗುರುತು ಸಾಮಾನ್ಯವಾಗಿ ಉಳಿಯುತ್ತದೆ. ಹೊಲಿಗೆಯ ಹತ್ತಿರ ಕಾಗದದ ಸಣ್ಣ ಅಂಚು ಕಾಣಬಹುದು. ಎದುರು ಪುಟದಲ್ಲಿ ಚಿತ್ರದ ಮಸಿ ಹತ್ತಿ ಮಸುಕು ನೆರಳು ಮೂಡಿರುತ್ತದೆ. ಚಿತ್ರವಿಲ್ಲ, ನೆರಳಿದೆ ಎಂದರೆ ಗೊತ್ತಾಯಿತಲ್ಲ!

ಕೆಲವರು ಖಾಲಿ ಜಾಗಕ್ಕೆ ನಕಲು ತುಂಬಿಸುತ್ತಾರೆ. ತಾಮ್ರದ ತಗಡು ಒದ್ದೆ ಕಾಗದಕ್ಕೆ ಬಲವಾಗಿ ಒತ್ತಿದ್ದರಿಂದ ಅಸಲಿ ಚಿತ್ರದ ಸುತ್ತ ತಗ್ಗಿನ ಚೌಕ ಉಳಿಯುತ್ತದೆ. ಬೆರಳಾಡಿಸಿದರೆ ತಿಳಿಯುತ್ತದೆ. ಆದರೆ ಅಂಚು ಕತ್ತರಿಸಿದ ಹಾಳೆಯಲ್ಲಿ ಈ ಗುರುತು ಹೋಗಿರಬಹುದು, ಅದಕ್ಕೆ ಭೂತಗನ್ನಡಿಯನ್ನೂ ಹಿಡಿಯಿರಿ. ಚುಕ್ಕಿ ಚುಕ್ಕಿ ಜಾಲರಿ ಕಂಡರೆ ಅದು ಇತ್ತೀಚಿನ ಮುದ್ರಣ.

ನಿಮ್ಮ ವಿಷಯಕ್ಕೆ ಬಂದರೆ, ಓದುವ ಆಸೆಗಾದರೆ ಧಾರಾಳವಾಗಿ ಕೊಳ್ಳಿ. ಪೂರ್ತಿ ಪ್ರತಿಗೆ ಹಾಕಲಾಗದ ದುಡ್ಡಿನಲ್ಲಿ ಅದೇ ಕಾಗದ, ಅದೇ ಮಸಿ ಕೈಗೆ ಸಿಗುತ್ತದೆ. ಮುಂದೆ ಮಾರುವ ಲೆಕ್ಕವಿದ್ದರೆ ಬೇಡ. ಹೇಗೇ ಇರಲಿ, ಇಲ್ಲದ ಚಿತ್ರಗಳು ಯಾವುವು ಎಂದು ಮಾರುವವರಿಂದ ಬರೆಸಿಕೊಳ್ಳಿ.