ಗುರಿಗೆ ಸಹಿ ಹಾಕುವ ಮುನ್ನ ಕೇಳಬೇಕಾದದ್ದು

ವಾರ್ಷಿಕ ಗುರಿಗಳನ್ನು ನಿಗದಿಪಡಿಸುವ ಸಭೆಗಳಲ್ಲಿ ಚರ್ಚೆಯ ಬಹುಪಾಲು ಅಂಕಿಗಳ ಸುತ್ತಲೇ ನಡೆಯುತ್ತದೆ. ಆ ಅಂಕಿಯನ್ನು ಮುಟ್ಟಲು ಏನೇನು ಬೇಕು ಎಂಬ ಪ್ರಶ್ನೆ ಕೊನೆಯ ಕೆಲವು ನಿಮಿಷಗಳಿಗೆ ಉಳಿಯುತ್ತದೆ. ಗುರಿಗಳ ನಮೂನೆಯಲ್ಲಿ ‘ಅಗತ್ಯ ಬೆಂಬಲ’ ಎಂಬ ಜಾಗದಲ್ಲಿ ‘ತರಬೇತಿ’ ಎಂದಷ್ಟೇ ಬರೆದು ಉದ್ಯೋಗಿಯೂ ಮೇಲಧಿಕಾರಿಯೂ ಸಹಿ ಹಾಕುತ್ತಾರೆ. ಮಾನವ ಸಂಪನ್ಮೂಲ ವಿಭಾಗದಲ್ಲಿ ಕೆಲಸ ಮಾಡುವ ನಾನು, ಆ ಒಂದು ಪದವನ್ನಷ್ಟೇ ಹೊತ್ತು ಬಂದ ನಮೂನೆಯನ್ನು ಮರುಪರಿಶೀಲನೆಗೆ ಹಿಂದಿರುಗಿಸುತ್ತೇನೆ.

ಅಮೆರಿಕದ ಮನೋವಿಜ್ಞಾನಿ ಥಾಮಸ್ ಗಿಲ್ಬರ್ಟ್ 1978ರಲ್ಲಿ ಪ್ರಕಟಿಸಿದ ಮಾದರಿ ಇಲ್ಲಿ ಬಹಳ ಉಪಯುಕ್ತ. ಕೆಲಸದ ಫಲಿತಾಂಶವನ್ನು ನಿರ್ಧರಿಸುವ ಆರು ಅಂಶಗಳಲ್ಲಿ ಮಾಹಿತಿ, ಸಾಧನ ಮತ್ತು ಪ್ರತಿಫಲ ಎಂಬ ಮೂರು ಕೆಲಸದ ಪರಿಸರಕ್ಕೆ ಸೇರಿದವು. ಜ್ಞಾನ, ಸಾಮರ್ಥ್ಯ ಮತ್ತು ಪ್ರೇರಣೆ ವ್ಯಕ್ತಿಗೆ ಸೇರಿದವು. ಮೊದಲು ಪರಿಸರವನ್ನು ನೋಡಬೇಕು, ಅನಂತರ ವ್ಯಕ್ತಿಯನ್ನು ಎಂಬುದು ಗಿಲ್ಬರ್ಟ್ ಅವರ ಸಲಹೆ. ನಮ್ಮಲ್ಲಿ ಈ ಕ್ರಮ ತಿರುಗುಮುರುಗಾಗಿರುವುದರಿಂದಲೇ, ಕೆಲಸ ಚೆನ್ನಾಗಿ ಬಲ್ಲವರನ್ನೂ ಮತ್ತೆ ಮತ್ತೆ ತರಬೇತಿಗೆ ಕಳುಹಿಸುತ್ತೇವೆ.

ಕೊರತೆ ಎಲ್ಲಿದೆ ಎಂದು ತಿಳಿಯಲು ನಾನು ಸೂಚಿಸುವ ವಿಧಾನ ಸರಳವಾದದ್ದು. ಈಗಾಗಲೇ ಮುಗಿದ ಒಂದು ಕೆಲಸವನ್ನು ಎತ್ತಿಕೊಂಡು, ಅದು ಯಾರ ಬಳಿ ಎಷ್ಟು ಹೊತ್ತು ಇತ್ತು ಎಂಬುದನ್ನು ಬರೆಯಿರಿ. ಗ್ರಾಹಕರ ದೂರುಗಳನ್ನು 48 ಗಂಟೆಗಳ ಬದಲು 24 ಗಂಟೆಗಳಲ್ಲಿ ಇತ್ಯರ್ಥಪಡಿಸಬೇಕೆಂಬ ಗುರಿ ಇದೆ ಎಂದುಕೊಳ್ಳೋಣ. ಹಿಂದಿನ ಒಂದು ದೂರಿನಲ್ಲಿ ಉದ್ಯೋಗಿ ಸ್ವತಃ ವ್ಯಯಿಸಿದ್ದು 3 ಗಂಟೆ, ತಾಂತ್ರಿಕ ವಿಭಾಗದ ಉತ್ತರಕ್ಕೆ ಕಾದದ್ದು 15 ಗಂಟೆ, ಹಣ ಮರುಪಾವತಿಯ ಅನುಮೋದನೆಗೆ ಕಾದದ್ದು 30 ಗಂಟೆ ಎಂದಾದರೆ, ಆ ಉದ್ಯೋಗಿ ಎಷ್ಟೇ ಚುರುಕಾದರೂ ಉಳಿತಾಯವಾಗುವುದು ಹೆಚ್ಚೆಂದರೆ ಆ 3 ಗಂಟೆಗಳಲ್ಲಿ ಒಂದು ಪಾಲು. ಅವರಿಗೆ ಬೇಕಿರುವುದು ನಿರ್ದಿಷ್ಟ ಮೊತ್ತದವರೆಗಿನ ಮರುಪಾವತಿಯನ್ನು ತಾವೇ ಮಂಜೂರು ಮಾಡುವ ಅಧಿಕಾರ. ಅದಕ್ಕೆ ಹೊಸ ಸಿಬ್ಬಂದಿಯೂ ಬೇಡ, ಹೊಸ ತಂತ್ರಾಂಶವೂ ಬೇಡ. ಸಂಪನ್ಮೂಲವೆಂದರೆ ಹಣ, ಯಂತ್ರ, ಜನ ಎಂದಷ್ಟೇ ಭಾವಿಸುವವರಿಗೆ ಇಂಥ ಅಗತ್ಯ ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನೊಬ್ಬರ ಸಮಯವನ್ನು ಕೇಳುವಾಗ ‘ತಾಂತ್ರಿಕ ವಿಭಾಗದ ಸಹಕಾರ ಬೇಕು’ ಎಂದು ಬರೆದರೆ ಯಾರಿಗೂ ಹೊಣೆ ಬರುವುದಿಲ್ಲ. ಯಾವ ಹುದ್ದೆಯವರು, ಯಾವ ಬಗೆಯ ಪ್ರಶ್ನೆಗೆ, ಎಷ್ಟು ಗಂಟೆಯೊಳಗೆ ಉತ್ತರಿಸಬೇಕು ಎಂಬುದು ಬರಹದಲ್ಲಿರಬೇಕು, ಮತ್ತು ಆ ವಿಭಾಗದ ಮುಖ್ಯಸ್ಥರು ಅದಕ್ಕೆ ಒಪ್ಪಿರಬೇಕು.

ಉದ್ಯೋಗಿಯ ಸ್ವಂತ ಸಮಯವೂ ಹೀಗೆಯೇ ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಹೊಸ ಗುರಿಯೊಂದು ಸೇರಿದಾಗ ಈಗಿರುವ ಯಾವ ಕೆಲಸ ಕೈಬಿಡಬಹುದು ಎಂದು ಕೇಳುವುದನ್ನು ಅನೇಕರು ಉದ್ಧಟತನವೆಂದು ಹಿಂಜರಿಯುತ್ತಾರೆ. ಹಾಗೆ ಹಿಂಜರಿಯಬಾರದು. ಕೇಳಿದ್ದನ್ನೆಲ್ಲ ಕೊಡಲು ಮೇಲಧಿಕಾರಿಗೂ ಸಾಧ್ಯವಾಗದಿರಬಹುದು, ಆದರೆ ಆಗ ಗುರಿಯ ಪ್ರಮಾಣವನ್ನೋ ಗಡುವನ್ನೋ ಬದಲಿಸುವುದು ಅವರ ಕರ್ತವ್ಯ. ಗುರಿಯನ್ನು ಹೇಗೆ ಬರೆಯಬೇಕು ಎಂದು ತಿಳಿಸಲು ನಿರ್ವಹಣಾ ಸಲಹೆಗಾರ ಜಾರ್ಜ್ ಡೋರನ್ 1981ರಲ್ಲಿ ರೂಪಿಸಿದ, ಇಂದು ಎಲ್ಲೆಡೆ ಬಳಕೆಯಲ್ಲಿರುವ ‘ಸ್ಮಾರ್ಟ್’ ಸೂತ್ರದಲ್ಲಿಯೇ ಲಭ್ಯ ಸಂಪನ್ಮೂಲಗಳಿಂದ ವಾಸ್ತವವಾಗಿ ಸಾಧಿಸಬಹುದಾದ ಫಲಿತಾಂಶವನ್ನು ಹೇಳಬೇಕೆಂಬ ಷರತ್ತು ಇತ್ತು.

ಮಂಜೂರಾದ ಬೆಂಬಲವೆಲ್ಲ ಕೈಗೆ ಬಂದಿತೇ ಎಂಬುದನ್ನು ಮೊದಲ ತಿಂಗಳೊಳಗೇ ಪರಿಶೀಲಿಸಬೇಕು. ಬಾರದಿದ್ದರೆ, ಅಂದೇ ದಿನಾಂಕ ಸಹಿತ ಮೇಲಧಿಕಾರಿಯ ಗಮನಕ್ಕೆ ಲಿಖಿತವಾಗಿ ತರಬೇಕು. ಅದೇ ವಿಷಯವನ್ನು ವರ್ಷಾಂತ್ಯದ ಮೌಲ್ಯಮಾಪನದಲ್ಲಿ ಮೊದಲ ಬಾರಿಗೆ ಹೇಳಿದರೆ ಅದು ನೆಪದಂತೆ ಕೇಳಿಸುತ್ತದೆ.